ಬೊಜ್ಜ ಮುಗಿಯಲಿ ಎಂದು ಬಿಟ್ಟ ಇನ್ಶೂರೆನ್ಸ್

ಕಾರು ಓಡಿಸುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕುಂಬ್ರದ ನಮ್ಮ ಮನೆಯಿಂದ ಸುಳ್ಯಕ್ಕಾಗಲಿ ಕಡಬಕ್ಕಾಗಲಿ, ಸ್ಟಿಯರಿಂಗ್ ನನ್ನ ಕೈಯಲ್ಲೇ. ಗಂಡನಿಗೆ ಪಕ್ಕದ ಸೀಟು. ಇನ್ಶೂರೆನ್ಸ್ ಮಾತ್ರ ಕೋಡಿಂಬಾಳದ ಭಾವನ ಕೆಲಸ. ಅಕ್ಕನ ಗಂಡನೇ ಏಜೆಂಟರಾಗಿರುವಾಗ ಬೇರೆಯವರಲ್ಲಿ ಮಾಡಿಸಿ ಆಮೇಲೆ ಅವರ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಆ ವರ್ಷ ಪಾಲಿಸಿ ಮುಗಿಯುವ ವಾರದಲ್ಲೇ ಭಾವನ ತಾಯಿ ತೀರಿಕೊಂಡರು. ಬೊಜ್ಜ, ಅಂದರೆ ಉತ್ತರಕ್ರಿಯೆ, ಕಳೆಯುವವರೆಗೆ ಸಾವಿನ ಮನೆಯಲ್ಲಿ ವ್ಯವಹಾರದ ಮಾತೆತ್ತುವುದು ನಮ್ಮಲ್ಲಿ ಮರ್ಯಾದೆಯಲ್ಲ. ಫೋನಿನಲ್ಲಿ ನಾನೇ ಆನ್‌ಲೈನ್ ಕಟ್ಟಿದರೆ ಐದೇ ನಿಮಿಷದ ಕೆಲಸ. ಅದೂ ಭಾವನಿಗೆ ಮಾಡುವ ದ್ರೋಹ ಎನಿಸಿತು. ನಾಲ್ಕು ದಿನದಲ್ಲಿ ಏನು ಮಹಾ ಆಗುತ್ತದೆ, ಓಡಿಸುವುದು ನಾನಲ್ಲವೇ ಅಂದುಕೊಂಡೆ. ಬೊಜ್ಜಕ್ಕೂ ಅದೇ ಕಾರಿನಲ್ಲಿ ಹೊರಟೆ.

ಕಡಬ ಪೇಟೆಗೆ ಮೊದಲಿನ ತಿರುವಿನಲ್ಲಿ ಬಸ್ಸನ್ನು ದಾಟಲು ಹೋದವಳು ಎದುರಿನಿಂದ ಬಂದ ಸ್ಕೂಟರಿಗೆ ಗುದ್ದಿದೆ. ಅದರಲ್ಲಿದ್ದವಳು ಒಬ್ಬ ಟೈಲರ್ ಹುಡುಗಿ. ಮುರಿದದ್ದು ಅವಳು ಹೊಲಿಗೆ ಮಷಿನ್ ತುಳಿಯುವ ಕಾಲು.

ಪೊಲೀಸರು ಕೇಳಿದಾಗ ಇನ್ಶೂರೆನ್ಸ್ ಮರೆತುಹೋಯಿತು ಎಂದೆ. ಪುತ್ತೂರಿನ ವಕೀಲರು ಒಂದೊಂದಾಗಿ ಬಿಡಿಸಿ ಹೇಳಿದರು. ಅಜಾಗರೂಕತೆಯಿಂದ ಓಡಿಸಿದ ಕೇಸು ಬೇರೆ. ಇನ್ಶೂರೆನ್ಸ್ ಇಲ್ಲದ್ದಕ್ಕೆ ದಂಡವೂ ಆಗಬಹುದು, ಜೈಲೂ ಆಗಬಹುದು. ಅವಳ ಪರಿಹಾರವನ್ನು ಯಾವ ಕಂಪೆನಿಯೂ ಕೊಡುವುದಿಲ್ಲ, ನಾನೇ ಕೊಡಬೇಕು. ಕೊಡದಿದ್ದರೆ ಆಸ್ತಿ ಜಪ್ತಿ. ಮರೆತೆ ಎಂದದ್ದನ್ನು ಮಾತ್ರ ಬಿಡಬೇಡಿ, ಶಿಕ್ಷೆ ಕಡಿಮೆಯಾದೀತು ಎಂದೂ ಸೇರಿಸಿದರು.

ಭಾವನಿಗೆ ನಿಜ ಹೇಳಿದೆ. ಅವರು ನನ್ನನ್ನೇ ನೋಡಿದರು.

"ಒಂದು ಮಾತು ಹೇಳುದಲ್ವಾ ಮಾರಾಯ್ತಿ? ಅದರಲ್ಲಿ ಎಂತ ಉಂಟು, ಬೊಜ್ಜದ ಚಪ್ಪರದಲ್ಲೇ ಕೂತು ಮಾಡಿ ಕೊಡ್ತಿದ್ದೆ."

ಮರುದಿನ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಎಲ್ಲ ಖರ್ಚು ನನ್ನದು, ಹೆದರಬೇಡ ಎಂದು ಧೈರ್ಯ ಹೇಳಿದೆ. ನನ್ನ ಸ್ವರ ನನಗೇ ದೊಡ್ಡದಾಗಿ ಕೇಳಿಸಿತು. ಆ ಹುಡುಗಿ ಕೊನೆಯವರೆಗೆ ಕೇಳಿಸಿಕೊಂಡಳು.

"ಅಕ್ಕ, ಇನ್ಶೂರೆನ್ಸ್ ಮುಗಿದದ್ದು ನಿಮಗೆ ಗೊತ್ತಿತ್ತಾ?"

ಮರೆತೆ ಎಂಬ ಮಾತು ಬಾಯಿಯವರೆಗೆ ಬಂತು. ಬ್ಯಾಂಡೇಜು ಸುತ್ತಿದ ಆ ಕಾಲಿನ ಎದುರು ಅದನ್ನು ಹೇಳಲು ನಾಚಿಕೆಯಾಯಿತು. ಗೊತ್ತಿತ್ತು ಎಂದೆ.

"ಹಾಗಾದ್ರೆ ಕೋರ್ಟಲ್ಲೂ ಹಾಗೇ ಹೇಳಿ" ಎಂದು ಅವಳು ಗೋಡೆಯ ಕಡೆ ತಿರುಗಿದಳು.

ಕೋರ್ಟಿನಲ್ಲಿ ವಕೀಲರು ಕಣ್ಣಲ್ಲೇ ಬೇಡವೆಂದರು. ಗೊತ್ತಿದ್ದೇ ಓಡಿಸಿದೆ ಎಂದು, ಹಿಂದಿನ ಬೆಂಚಿನಲ್ಲಿ ಊರುಗೋಲು ಹಿಡಿದು ಕೂತಿದ್ದ ಅವಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.