ಮೈಕಣ್ಣನ ಎರಡನೇ ಹೂಂ

ಬಸ್ ನಿಲ್ದಾಣದಲ್ಲಿ ಮೂವತ್ತೆರಡು ವರ್ಷ ಮೈಕು ಹಿಡಿದು ಬಸ್ಸುಗಳ ಹೊತ್ತು ಕೂಗಿದವನಿಗೆ ಮೈಕಣ್ಣ ಎಂದಲ್ಲದೆ ಇನ್ನೇನು ಹೆಸರು ಉಳಿದೀತು? ಅವನು ಕೂಗಿದರೆ ನಿಂತ ಬಸ್ಸು ತಾನಾಗಿಯೇ ಹೊರಡುತ್ತಿತ್ತು, ತೂಕಡಿಸುತ್ತಿದ್ದ ಡ್ರೈವರು ಹಿಂದಿನಿಂದ ಓಡಿ ಬಂದು ಹತ್ತಿಕೊಳ್ಳುತ್ತಿದ್ದ. ಇನ್ನೊಂದು ವಿದ್ಯೆಯೂ ಅವನಲ್ಲಿತ್ತು. ಮಧ್ಯಾಹ್ನದ ಪಾಳಿಯ ಹೆಂಗಸು ರಜೆ ಹಾಕಿದ ದಿನ ಅವಳ ದನಿಯನ್ನೂ ಇವನೇ ತೆಗೆಯುತ್ತಿದ್ದ. ಆಕೆಯ ಗಂಡನೇ ಒಮ್ಮೆ ನಿಲ್ದಾಣಕ್ಕೆ ಬಂದವನು, "ಜ್ವರ ಅಂತ ಮನೇಲಿ ಮಲಗಿದ್ದವಳು ನನಗಿಂತ ಮುಂಚೆ ಇಲ್ಲಿಗೆ ಹೇಗೆ ಬಂದಳು?" ಎಂದು ಬೆವತುಹೋಗಿದ್ದ.

ಮೈಕಣ್ಣನ ಹೆಂಡತಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಆ ದುಡ್ಡಿನಲ್ಲಿ ನೀರಿನ ಪಂಪು ಮಾಡುವ ಒಂದೇ ಕಂಪನಿಯ ಷೇರನ್ನು ವರ್ಷಕ್ಕಿಷ್ಟು ಅಂತ ಕೊಂಡು, ಕೊಂಡದ್ದನ್ನು ಮರೆತು, ಮತ್ತೆ ಪೆಡಲು ತುಳಿಯುತ್ತಿದ್ದಳು. ಮಗಳು ಸ್ವಂತ ಹೊಲಿಗೆ ಅಂಗಡಿ ಇಡುವ ದಿನಕ್ಕೆಂದು ಕಟ್ಟಿದ ಗಂಟು ಅದು. ಮಾರುಕಟ್ಟೆ ಬಿದ್ದ ದಿನ ಮೈಕಣ್ಣ ತಲೆ ಮೇಲೆ ಕೈ ಹೊತ್ತು ಕೂತರೆ ಅವಳು ಗುಂಡುಸೂಜಿ ಕಚ್ಚಿಕೊಂಡ ಬಾಯಲ್ಲೇ, "ಹೊಲಿಗೆ ಗಟ್ಟಿ ಇದೆಯಾ ಅಂತ ದಿನಾ ಬಿಚ್ಚಿ ನೋಡಿದ್ರೆ ಬಟ್ಟೆ ಉಳಿಯುತ್ತೇನ್ರೀ?" ಎನ್ನುತ್ತಿದ್ದಳು. ಮೈಕಣ್ಣನಿಗೋ, ಬೆಳಗ್ಗೆ ಕೊಂಡ ಷೇರನ್ನು ಮಧ್ಯಾಹ್ನದೊಳಗೆ ಮಾರದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ.

ಷೇರಿನ ಖಾತೆ ಇಬ್ಬರ ಹೆಸರಲ್ಲಿತ್ತು. ಒಬ್ಬರು ಮಾರು ಎಂದರೆ ದಲ್ಲಾಳಿ ಕಚೇರಿಯ ಗುಮಾಸ್ತ ಮನೆಗೆ ಫೋನು ತಿರುಗಿಸಿ ಇನ್ನೊಬ್ಬರ 'ಹೂಂ' ಕೇಳುತ್ತಿದ್ದ. ಎರಡನೇ ಹೂಂ ಬೀಳದೆ ಒಂದು ಷೇರೂ ಅಲುಗುತ್ತಿರಲಿಲ್ಲ. ಸ್ವಂತ ಮದುವೆಯಲ್ಲೂ ಹುಡುಗಿಯ ಹೂಂ ಅನ್ನು ಎರಡು ಸಲ ಕೇಳಿ ಬರೆದುಕೊಂಡ ಆಸಾಮಿ ಆ ಗುಮಾಸ್ತ.

ಎರಡು ವರ್ಷದ ಹಿಂದೆ ಹೆಂಡತಿ ತೀರಿಕೊಂಡಳು. ಕಚೇರಿಗೆ ತಿಳಿಸಿದರೆ ಕಾಗದಪತ್ರ ಮುಗಿಯುವ ತನಕ ಖಾತೆಗೆ ಬೀಗ. ಮೂರು ತಿಂಗಳು ವ್ಯಾಪಾರವಿಲ್ಲದೆ ಇರು ಎಂದರೆ ಮೈಕಣ್ಣನಿಗೆ ಮೂಗು ಮುಚ್ಚಿಕೊಂಡು ಇರು ಎಂದಂತೆ. ತಿಳಿಸಲಿಲ್ಲ. ಗುಮಾಸ್ತನ ಫೋನು ಬಂದಾಗ ಗಂಟಲು ಬಿಗಿಹಿಡಿದು, ಸೂಜಿ ಕಚ್ಚಿದ ಅವಳ ದನಿಯಲ್ಲಿ, "ಹೂಂ ಕಣಪ್ಪಾ, ಮಾರು" ಎಂದ.

"ಅಕ್ಕಾ, ಆರೋಗ್ಯಾನಾ?"

"ಏನೋ ಇದ್ದೀನಪ್ಪಾ."

ಫೋನಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಯಾಕೋ ಎದ್ದು ಹೋಗಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಬಂದ.

ಎರಡು ವರ್ಷ ಸತ್ತವಳು ಹೂಂಗುಟ್ಟುತ್ತಲೇ ಇದ್ದಳು. ಈ ವರ್ಷ ಮಾರುಕಟ್ಟೆ ಜಾರತೊಡಗಿತು. ಬೀಳುವಾಗ ಮಾರಿ, ಬಿದ್ದ ಮೇಲೆ ಕೊಳ್ಳುತ್ತೇನೆಂದು ಮೈಕಣ್ಣ ಹೊರಟ. ಇವನು ಮಾರಿದ್ದು ಮರುದಿನ ಮುಗಿಲಿಗೇರುತ್ತಿತ್ತು. ಕೊಂಡದ್ದು ಇವನ ಮುಖ ನೋಡಿದ ಕೂಡಲೇ ಪಾತಾಳ ಸೇರುತ್ತಿತ್ತು. ಅವನದೆಂದು ಇದ್ದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಉಳಿದದ್ದು ಅವಳ ಪಂಪಿನ ಗಂಟೊಂದೇ, ಅದರ ಬೆಲೆಯೂ ಅರ್ಧಕ್ಕಿಳಿದಿತ್ತು.

"ಅಪ್ಪಾ, ಅಮ್ಮನದ್ದನ್ನ ಮುಟ್ಟಬೇಡಿ. ಅಂಗಡಿಗೆ ಜಾಗ ನೋಡ್ತಿದ್ದೀನಿ," ಎಂದಳು ಮಗಳು ಫೋನಿನಲ್ಲಿ.

"ಈಗ ಮಾರಿ, ಇನ್ನೂ ಇಳಿದಾಗ ಅದನ್ನೇ ಎರಡರಷ್ಟು ಕೊಂಡುಕೊಡ್ತೀನಿ ಕಣೇ!"

"ನೀವು ಕೊಂಡುಕೊಂಡ ಚೆಂದ ನೋಡಿದೀನಿ, ಬಿಡಿ."

ಮರುದಿನ ಮಧ್ಯಾಹ್ನ, ಕಿಟಕಿಯ ಬಿಸಿಲು ನೆಟ್ಟಗೆ ಯಂತ್ರದ ಮೇಲೆ ಬಿದ್ದಿದ್ದ ಹೊತ್ತಿನಲ್ಲಿ, ಮೈಕಣ್ಣ ಕಚೇರಿಗೆ ಫೋನು ಮಾಡಿ "ಪಂಪಿನದ್ದೆಲ್ಲ ಮಾರು" ಎಂದ. ಇಟ್ಟು, ಗಂಟಲು ಬಿಗಿಮಾಡಿಕೊಂಡು ಕಾದ. ಫೋನು ಬಡಿದುಕೊಂಡಿತು.

"ಅಕ್ಕಾ, ಯಜಮಾನ್ರು ಪಂಪಿನ ಷೇರು ಪೂರಾ ಮಾರ್ತಿದಾರೆ. ಹೂಂ ಅಂತೀರಾ?"

ಮೈಕಣ್ಣ ಹೂಂ ಎನ್ನಲು ಬಾಯಿ ತೆರೆದ.

"ಊಹೂಂ," ಎಂದಿತು ಬಾಯಿ. "ಬೇಡಪ್ಪಾ. ಅದು ಮಗಳದ್ದು."

ಫೋನಿಟ್ಟ. ಕೆಮ್ಮಿದ, ಒಂದು ಚೊಂಬು ನೀರು ಕುಡಿದ. ಮತ್ತೆ ಕಚೇರಿಗೆ ಫೋನು ಹಚ್ಚಿ, ಸ್ವಂತ ದನಿಯಲ್ಲಿ, "ಅವಳಿಗೇನು ಗೊತ್ತಾಗುತ್ತಯ್ಯಾ? ಇನ್ನೊಂದು ಸಲ ಕೇಳು" ಎಂದು ಗದರಿದ. ಗುಮಾಸ್ತ ಮತ್ತೆ ತಿರುಗಿಸಿದ. ಈ ಸಲ ಮೈಕಣ್ಣ ರಿಸೀವರ್ ಎತ್ತುವಾಗಲೇ ನಾಲಿಗೆಯ ಮೇಲೆ ಕಬ್ಬಿಣದ ರುಚಿ, ತುಟಿಗಳ ನಡುವೆ ತೆಳ್ಳಗೆ ತಣ್ಣಗೆ ಏನೋ. ಬೆರಳಿಟ್ಟು ನೋಡಿದ. ಏನೂ ಇರಲಿಲ್ಲ.

"ಅವರಿಗೆ ಹೇಳಪ್ಪಾ," ಎಂದಿತು ದನಿ, ಅವನು ಒಂದು ಮಾತೂ ಯೋಚಿಸಿರದೆ. "ಎರಡು ವರ್ಷ ನನ್ನ ಪಾಳೀಲಿ ಅವರೇ ಕೂಗಿದ್ರು. ಇನ್ನು ಸಾಕು, ನಾನೇ ಬಂದಿದೀನಿ."

ಗುಮಾಸ್ತ ನಕ್ಕ. "ಗಂಡ-ಹೆಂಡ್ತಿ ಜಗಳದಲ್ಲಿ ನನ್ನ ಯಾಕೆ ರುಬ್ತೀರಾ ಅಕ್ಕಾ? ಯಜಮಾನ್ರಿಗೆ ಫೋನು ಕೊಡಿ, ಮಾರಲ್ಲ ಅಂತ ನಾನೇ ಹೇಳಿಬಿಡ್ತೀನಿ."

ಮೈಕಣ್ಣ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸುಗಳನ್ನೇ ಹೊರಡಿಸಿದ ಆ ತನ್ನ ದನಿಗಾಗಿ ಎದೆ, ಗಂಟಲು, ಹೊಟ್ಟೆಯನ್ನೆಲ್ಲ ತಡಕಾಡಿದ. ಸಿಗಲಿಲ್ಲ.

"ಅವರು ಆಚೆ ಹೋಗಿದಾರಪ್ಪಾ," ಎಂದಳು ಅವಳು. "ಮಾರುಕಟ್ಟೆ ಸುಧಾರಿಸೋವರೆಗೂ ಬರಲ್ಲ."

ಷೇರು ಇದ್ದಲ್ಲೇ ಉಳಿಯಿತು. ಸಂಜೆ ಫೋನು ಮತ್ತೆ ಬಡಿದುಕೊಂಡಿತು. ಆ ಹೊತ್ತಿಗೆ ದಿನಾ ಫೋನು ಮಾಡುವವಳು ಮಗಳೊಬ್ಬಳೇ. ತಾನು ಹಲೋ ಎಂದರೆ ಅವಳಿಗೆ ಯಾರು ಕೇಳಿಸುತ್ತಾರೆಂದು ಮೈಕಣ್ಣನಿಗೆ ಗೊತ್ತಿತ್ತು. ಬಾಯಿಗೆ ಅಂಗೈ ಒತ್ತಿಕೊಂಡು, ಗಂಟೆ ನಿಲ್ಲುವ ತನಕ ಯಂತ್ರದ ಪಕ್ಕದಲ್ಲಿ ಕೂತೇ ಇದ್ದ.