ಚಿಗವ್ವನ ಪಟ್ಟಿ ಹೊಲ

ಸಾಮೂಹಿಕ ಬೇಸಾಯ ಯಾಕೆ ಸತ್ತಿತು ಎಂದು ಯಾರನ್ನು ಕೇಳಿದರೂ ಉತ್ತರ ಒಂದೇ: ಎಲ್ಲರಿಗೂ ಸೇರಿದ ಹೊಲದಲ್ಲಿ ಯಾರೂ ಬೆವರು ಸುರಿಸುವುದಿಲ್ಲ. ನಮ್ಮ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಇದನ್ನು ಪೂರ್ವ ಯುರೋಪಿನ ಬಗ್ಗೆ ಹೇಳುತ್ತಾರೆ. ಸಂತೆಕಲ್ಲೂರಿನಲ್ಲಿ ನಮ್ಮ ಚಿಗವ್ವನ ಓಣಿಯವರು ತಮ್ಮ ಸಂಘದ ಹೊಲದ ಬಗ್ಗೆ ಹೇಳುತ್ತಾರೆ. ಇಷ್ಟು ದೂರದ ಎರಡು ಕಡೆ ಒಂದೇ ಮಾತು ಕೇಳಿಬಂದರೆ ಉಳಿದವರು ಅದನ್ನು ಸತ್ಯ ಎಂದುಕೊಳ್ಳಬಹುದು. ಲಿಂಗಸುಗೂರಿನ ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲೇ ಬೆಳೆದ ನನಗೆ ಅನುಮಾನ ಹುಟ್ಟುತ್ತದೆ. ಈ ಮಾತು ಹೇಳುವವರು ಯಾರು? ದುಡಿಯುವ ಹೊತ್ತಿನಲ್ಲಿ ಅವರೆಲ್ಲಿದ್ದರು?

ಕಮ್ಯುನಿಸ್ಟ್ ಆಡಳಿತ ಕುಸಿದ ದೇಶಗಳ ಚರಿತ್ರೆ ಮತ್ತು ರಾಜಕಾರಣ ನಾನು ಓದುತ್ತಿರುವ ವಿಷಯ. ಅದರಲ್ಲೂ ಅಲ್ಲಿನ ಸಾಮೂಹಿಕ ಜಮೀನು ಮನೆಮನೆಗೆ ಹಂಚಿಹೋದ ಬಗೆ. ಲಿಂಗಸುಗೂರಿನಲ್ಲಿ ಮಾಸ್ತರಾಗಿರುವ ನನ್ನಪ್ಪ ನೆಂಟರಿಗೆ ಇದನ್ನು ವಿವರಿಸುವ ಗೋಜಿಗೇ ಹೋಗುವುದಿಲ್ಲ. "ರಷ್ಯಾದ ಕಡೀದು ಏನೋ ಓದಾಕತ್ಯಾಳ" ಎಂದು ಮುಗಿಸಿಬಿಡುತ್ತಾನೆ.

ಆದರೆ ನನಗೆ ಈ ವಿಷಯ ರಷ್ಯಾದಿಂದ ಬಂದದ್ದಲ್ಲ. ಚಿಗವ್ವ ಎಂದರೆ ನಮ್ಮವ್ವನ ತಂಗಿ. ಅವಳ ಮಾವನ ಕಾಲದಲ್ಲಿ ಭೂಮಿಯಿಲ್ಲದ ನಮ್ಮ ಜನರಿಗೆ ಒಟ್ಟಾಗಿ ಉಳಲೆಂದು ಸರ್ಕಾರ ಒಂದು ಜಮೀನು ಕೊಟ್ಟಿತ್ತು. ಅದೇ ಸಂಘದ ಹೊಲ. ಮೇಲೆ ದಿಬ್ಬದ ಕಡೆ ಕೆಂಪು ಮಸಾರಿ, ಕೆಳಗೆ ಹಳ್ಳದ ಕಡೆ ಕಪ್ಪು ಎರಿ. ಎಲ್ಲರಿಗೂ ಒಂದೇ ಕಣ, ಒಂದೇ ರಾಶಿ. ರಜೆಗೆ ಹೋದಾಗ ಅಲ್ಲಿ ತೊಗರಿ ಬಡಿಯುತ್ತಿದ್ದವರಲ್ಲಿ ನಾನು ಕಂಡದ್ದೆಲ್ಲ ಹೆಂಗಸರನ್ನೇ. ಗಂಡಸರು ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರಲು ಹೋಗಿರುತ್ತಿದ್ದರು. ಯಾರೂ ದುಡಿಯಲಿಲ್ಲ ಎಂದು ಈಗ ಹೇಳುವವರೂ ಅವರೇ. ಆದರೆ ಸಂಘದ ಸದಸ್ಯರು ಮಾತ್ರ ಗಂಡಸರು. ಚಿಕ್ಕಪ್ಪ ತೀರಿಕೊಂಡ ಮೇಲೂ ಚಿಗವ್ವನ ಬುಟ್ಟಿಗೆ ಪಾಲಿನ ಕಾಳು ಬೀಳುತ್ತಿತ್ತು. ಸಭೆಯಲ್ಲಿ ಕೈ ಎತ್ತಲು ಮಾತ್ರ ಅವಳನ್ನು ಯಾರೂ ಕರೆಯಲಿಲ್ಲ.

ಹೋದ ಬೇಸಿಗೆಯಲ್ಲಿ ಸಂಘ ಮುಚ್ಚಿ ಹೊಲ ಹಂಚಲು ಒಪ್ಪಿಗೆ ಸಿಕ್ಕಿತು. ಸತ್ತವರ ಪಾಲು ಹೆಂಡತಿಯ ಹೆಸರಿಗೆ ಎಂದಾಯಿತು. ಚಿಗವ್ವ ಫೋನ್ ಮಾಡಿದಳು: "ಬಾ ಬೇ, ನನ್ನ ಕಡಿಂದ ಮಾತಾಡಾಕ ಒಬ್ರರ ಬೇಕು."

ಲಿಂಗಸುಗೂರಿನಿಂದ ಮಸ್ಕಿಗೆ ಬಸ್ಸು, ಅಲ್ಲಿಂದ ಆಟೊ. ಹೋಗುವಷ್ಟರಲ್ಲಿ ಬುದ್ಧ ವಿಹಾರದ ಮುಂದಿನ ಬೇವಿನ ನೆರಳಿನಲ್ಲಿ ಸಭೆ ಸೇರಿತ್ತು. ಸಂಘದ ಕೊನೆಯ ಕಾರ್ಯದರ್ಶಿಯಾಗಿದ್ದ ಹಿರಿಯರು, ಓಣಿಗೆಲ್ಲ ಕಾಕಾ, ಅಳತೆಯ ಹಗ್ಗ ಹಿಡಿದು ಲೆಕ್ಕ ಹೇಳುತ್ತಿದ್ದರು. ಒಬ್ಬರಿಗೆ ಎರಿ, ಒಬ್ಬರಿಗೆ ಮಸಾರಿ ಎಂದರೆ ಅನ್ಯಾಯ. ಆದ್ದರಿಂದ ದಿಬ್ಬದಿಂದ ಹಳ್ಳದವರೆಗೆ ಹೊಲವನ್ನು ಉದ್ದುದ್ದ ಸೀಳಬೇಕು. ಎಲ್ಲರಿಗೂ ಎರಡೂ ಮಣ್ಣು. ನ್ಯಾಯ ಎಷ್ಟು ಪಕ್ಕಾ ಇತ್ತೆಂದರೆ ಒಂದೊಂದು ಪಟ್ಟಿಯೂ ಟ್ರ್ಯಾಕ್ಟರು ತಿರುಗಲಾರದಷ್ಟು ಇಕ್ಕಟ್ಟು.

ನಾನು ಎದ್ದು ನಿಂತೆ. "ಕಾಕಾ, ಅಲ್ಬೇನಿಯಾದಾಗೂ ಹಿಂಗ ಮಾಡಿದ್ರು ರೀ. ಎಲ್ಲಾರಿಗೂ ಛಲೋದು ಒಂದಿಷ್ಟು, ಕೆಟ್ಟದ್ದು ಒಂದಿಷ್ಟು ಅಂತ ಹೊಲ ಚೂರು ಚೂರು ಆದವು."

"ಅಲ್ಬೇನಿಯಾ ಯಾವ ತಾಲೂಕಿಗೆ ಬರತೈತಿ, ತಂಗಿ?"

"ಅಲ್ಲಿ ಕಾಲುವಿ ನೀರೈತೇನು?" ಹಿಂದಿನಿಂದ ಇನ್ನೊಬ್ಬರು.

"ಇದ್ದಿದ್ರ ಈಕಿ ಅಲ್ಲೇ ಇರ್ತಿದ್ಲು, ಇಲ್ಲಿಗ್ಯಾಕ ಬರ್ತಿದ್ಲು?"

ನಗು ಮುಗಿಯುವವರೆಗೆ ಕಾದೆ. ಅದನ್ನೂ ಚರ್ಚಾಸ್ಪರ್ಧೆಯೇ ಕಲಿಸಿದೆ. ಆಮೇಲೆ ಹೇಳಿದೆ: ಪಹಣಿ ಬೇರೆ ಬೇರೆ ಇರಲಿ, ಬದು ಹಾಕುವುದು ಬೇಡ. ಟ್ರ್ಯಾಕ್ಟರು ಬರುವುದು ತುರ್ವಿಹಾಳದಿಂದ, ದೊಡ್ಡ ಗದ್ದೆಯಲ್ಲಿ ಓಡಾಡಿ ರೂಢಿಯಾದದ್ದು. ಇಂಥ ಸಂದಿಯಲ್ಲಿ ಏನು ಮಾಡೀತು? ಒಟ್ಟಿಗೆ ಬಿತ್ತಿ ಒಟ್ಟಿಗೆ ರಾಶಿ ಮಾಡೋಣ. ತಲೆಗಳು ಆಡತೊಡಗಿದವು. ಕಾಕಾ ಹಗ್ಗ ಕೆಳಗಿಟ್ಟರು.

ಆಗ ಹೆಂಗಸರ ನಡುವಿನಿಂದ ಚಿಗವ್ವ ಎದ್ದಳು. "ನೀ ಹೇಳೋದು ಖರೇ ಐತಿ ಬೇ. ಟ್ರ್ಯಾಕ್ಟರು ತಿರುಗತೈತಿ. ನಾ ಎಲ್ಲಿ ನಿಂದರ್ಲಿ? ಇಷ್ಟ್ ವರ್ಸ ದುಡದೀನಿ, ಇದು ನಂದು ಅಂತ ಬಟ್ಟು ಮಾಡಿ ತೋರ್ಸಾಕ ಒಂದು ಜಾಗ ಇಲ್ಲ. ನನಗ ಬದು ಬೇಕು."

"ನಿನ್ನ ವಕೀಲಿ ನಿನಗ ಎದುರಾಗಿ ನಿಂತಾಳಲ್ಲವ್ವಾ!" ಎಂದು ಯಾರೋ ಕೂಗಿದರು. ಮತ್ತೆ ನಗು. ಆದರೆ ಗಂಡನಿಲ್ಲದ ಹೆಂಗಸರೆಲ್ಲ ಚಿಗವ್ವನ ಹಿಂದೆ ಎದ್ದು ನಿಂತಿದ್ದರು. ಕಾಕಾ ಹಗ್ಗ ಎತ್ತಿಕೊಂಡರು.

ಸಂಜೆ ಅವಳ ಅಂಗಳದಲ್ಲಿ ನಾನು ವಾದ ಮುಂದುವರಿಸಿದೆ. ಅವಳು ಆಡುಗಳಿಗೆ ಸೊಪ್ಪು ಹಾಕುತ್ತ ಎಲ್ಲದಕ್ಕೂ "ಹೌದು ಬೇ" ಎಂದಳು. ವಾದವನ್ನು ಒಪ್ಪಿಕೊಂಡೂ ತನ್ನ ಜಾಗದಿಂದ ಕದಲದವರ ಎದುರು ಏನು ಮಾಡಬೇಕೆಂದು ನಮಗೆ ಯಾವ ಸ್ಪರ್ಧೆಯಲ್ಲೂ ಹೇಳಿಕೊಟ್ಟಿರಲಿಲ್ಲ.

ಮಳೆ ಬಂತು. ಉಳಿದವರ ಪಟ್ಟಿಗಳ ನಡುವೆ ಗುರುತಿನ ಕಲ್ಲುಗಳು ಮಾತ್ರ ಉಳಿದವು. ಟ್ರ್ಯಾಕ್ಟರಿಗಾಗಿ ಗಂಡಸರು ಬೇಗ ರಾಜಿಯಾದರು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಒಪ್ಪಿದರು. ಚಿಗವ್ವ ಮಾತ್ರ ಎರಡೂ ಬದಿಗೆ ಮೊಣಕಾಲೆತ್ತರ ಬದು ಹಾಕಿದಳು. ಮೊದಲೇ ಇಕ್ಕಟ್ಟಾಗಿದ್ದ ಹೊಲದ ಇನ್ನಷ್ಟು ಜಾಗ ಅದಕ್ಕೇ ಹೋಯಿತು.

ಜೋಳ ಬಿತ್ತುವ ಹೊತ್ತಿಗೆ ನಾನು ಮತ್ತೆ ಹೋದೆ. ನನ್ನ ಪ್ರಬಂಧದ ಅಲ್ಬೇನಿಯಾದ ಅಧ್ಯಾಯ ಕೊನೆಯಲ್ಲಿ ನಿಂತುಬಿಟ್ಟಿತ್ತು: ಜನ ಹೊಲ ಒಡೆದದ್ದು ಒಟ್ಟಿಗೆ ದುಡಿಯಲು ಬೇಡವಾಗಿಯೋ, ಬೇರೆ ಏನಕ್ಕೋ? ಸುತ್ತಲಿನ ಪಟ್ಟಿಗಳಲ್ಲಿ ಬಿತ್ತನೆ ಮುಗಿದಿತ್ತು. ಚಿಗವ್ವನದು ಖಾಲಿ. ಬಾಡಿಗೆ ಎತ್ತಿಗೆ ಹೇಳಿ ಕಾಯುತ್ತಿದ್ದಳು, ಎರಿಯಲ್ಲಿ ಹಸಿ ಆರುತ್ತಿತ್ತು. ಪಕ್ಕದ ಪಟ್ಟಿ ಕಾಕಾ ಅವರದೇ. ಅವರು ಬದುವಿನ ಆಚೆ ಬಂದು ನಿಂತರು.

"ಒಂದಿಷ್ಟು ಬದು ತೆಗಿಯವ್ವಾ. ಟ್ರ್ಯಾಕ್ಟರು ಇನ್ನಾ ಇಲ್ಲೇ ಐತಿ, ನಿಂದೂ ಬಿತ್ತಿಸಿ ಕಳಸ್ತೀನಿ. ಹಸಿ ಹೋತಂದ್ರ ಏನ್ ಮಾಡ್ತಿ?"

"ನನ್ನ ಹೊಲದಾಗ ಬರಬೇಕಂದ್ರ ನನ್ನ ಕೇಳಬೇಕು ರೀ."

"ಅದನ್ನ ಕೇಳಾಕತ್ತೀನಲ್ಲ!"

"ಹಂಗಾರ ಬ್ಯಾಡ ರೀ."

ಕಾಕಾ ನನ್ನ ಮುಖ ನೋಡಿ ನಕ್ಕುಬಿಟ್ಟರು. "ನಿಮ್ಮ ಅಲ್ಬೇನಿಯಾದಾಗ ಇಂಥಾಕಿ ಇದ್ಲೇನು?" ಎಂದು ಕೇಳಿ, ಬದುವಿಗೆ ಕಾಲು ತಾಗದಂತೆ ಸುತ್ತುಹಾಕಿ ಹೋದರು.

ಚಿಗವ್ವ ಕುಕ್ಕರುಗಾಲಲ್ಲಿ ಕೂತು ಮಳೆಗೆ ಕುಸಿದ ಬದುವಿಗೆ ಮಣ್ಣು ತಟ್ಟತೊಡಗಿದಳು. ನಾನೂ ಪಕ್ಕದಲ್ಲಿ ಕೂತು ಒಂದು ಹೆಂಟೆ ಎತ್ತಿಕೊಟ್ಟೆ. ಆಮೇಲೆ ಕೇಳಿದೆ:

"ಚಿಗವ್ವಾ, ಚಿಕ್ಕಪ್ಪ ತೀರಿದ್ ಮ್ಯಾಲೆ ಸಂಘದಾಗ ನಿನ್ನ ಹೆಸರು ಸೇರ್ಸಿ, ಸಭಾಕ್ಕ ಕರದು ಕುಂದ್ರಿಸಿದ್ರ, ಹೊಲ ಒಡೀರಿ ಅಂತ ನೀ ಕೈ ಎತ್ತತಿದ್ದೇನು?"