ಬಿಟ್ಟು ಹೋದವರ ಐಡಿ

ನಮ್ಮ ಕಾರ್ಖಾನೆಯಿಂದ ಹೊರಗೆ ಹೋಗುವ ಈಮೇಲುಗಳನ್ನೆಲ್ಲ ಹನ್ನೆರಡು ವರ್ಷ ಬರೆದವಳು ನಾನು. ಒಂದರ ಮೇಲೂ ನನ್ನ ಹೆಸರಿರಲಿಲ್ಲ. ಇದ್ದದ್ದು ನನಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂರುತ್ತಿದ್ದ ಒಬ್ಬ ಗಂಡಸಿನ ಹೆಸರು. ಅವರು ಬೇರೆ ಕಡೆ ಕೆಲಸ ಸಿಕ್ಕಿ ಹೋದರು, ಅವರ ಹೆಸರಿನ ಐಡಿ ಮಾತ್ರ ನಮ್ಮಲ್ಲೇ ಉಳಿಯಿತು.

ಬೆಂಗಳೂರಿನ ಪೀಣ್ಯದಲ್ಲಿ ಇದು ಹೊಸ ಸಂಗತಿಯೇನಲ್ಲ. ಇಂಟರ್‌ನೆಟ್ ಬಂದ ಹೊಸದರಲ್ಲಿ ಸಣ್ಣ ಕಾರ್ಖಾನೆಗಳಲ್ಲಿ ಯಾರಿಗೆ ಕಂಪ್ಯೂಟರ್ ಗೊತ್ತಿತ್ತೋ ಅವರು ತಮ್ಮ ಹೆಸರಿನಲ್ಲೇ ಒಂದು ಪುಕ್ಕಟೆ ಐಡಿ ಮಾಡಿಕೊಂಡರು. ಅದು ವಿಸಿಟಿಂಗ್ ಕಾರ್ಡಿನಲ್ಲಿ, ಡಬ್ಬದ ಮೇಲಿನ ಚೀಟಿಯಲ್ಲಿ ಅಚ್ಚಾಯಿತು, ಗಿರಾಕಿಗಳ ಕಂಪ್ಯೂಟರಿನಲ್ಲಿ ಭದ್ರವಾಗಿ ಕೂತಿತು. ಆಮೇಲೆ ಮನುಷ್ಯ ಹೋದರೂ ಐಡಿ ಹೋಗುವುದಿಲ್ಲ. ನಮ್ಮ ಪಕ್ಕದ ಶೆಡ್ಡಿನವರು ತೀರಿಕೊಂಡ ಅಕೌಂಟೆಂಟರ ಹೆಸರಿನಿಂದ ಈಗಲೂ ಆಯುಧಪೂಜೆಯ ಶುಭಾಶಯ ಕಳಿಸುತ್ತಾರೆ. ಅದು ಯಾರಿಗೂ ವಿಚಿತ್ರ ಅನ್ನಿಸಿಲ್ಲ.

ನಾವು ಮಾಡುವುದು ರಬ್ಬರ್ ಸೀಲು. ಪಂಪು, ಗೇರ್‌ಬಾಕ್ಸುಗಳಲ್ಲಿ ನೀರು, ಎಣ್ಣೆ ಸೋರದಂತೆ ಕೂರುವ ಕಪ್ಪು ಬಳೆಗಳು. ನಾನು ಮೊದಲು ಸೇರಿದ್ದು ಕತ್ತರಿ ಮೇಜಿಗೆ. ಅಚ್ಚಿನಿಂದ ಬಂದ ಸೀಲಿನ ಅಂಚಿನಲ್ಲಿ ಉಳಿಯುವ ಹೆಚ್ಚಿನ ರಬ್ಬರನ್ನು ಸಣ್ಣ ಕತ್ತರಿಯಿಂದ ತೆಗೆಯುವುದು ಅಲ್ಲಿನ ಹೆಂಗಸರ ಕೆಲಸ. ರಾಜಗೋಪಾಲನಗರದಿಂದ ನಡೆದು ಬಂದು ದಿನವೆಲ್ಲ ಕತ್ತರಿ ಆಡಿಸುತ್ತಿದ್ದೆ. ಜೊತೆಗೆ ದೂರಶಿಕ್ಷಣದಲ್ಲಿ ಬಿ.ಕಾಂ. ಮುಗಿಸಿಕೊಂಡಿದ್ದೆ. ಆಫೀಸಿನಲ್ಲಿದ್ದ ಆ ಗಂಡಸು ಬಿಟ್ಟು ಹೋದಾಗ ಮಾಲೀಕರು ಸುತ್ತಮುತ್ತ ನೋಡಿದರು. ಕಂಪ್ಯೂಟರ್ ಮುಂದೆ ಕೂರುವ ಧೈರ್ಯ ಇದ್ದವಳು ನಾನೊಬ್ಬಳೇ. ಕೂತೆ. ಮಾಲೀಕರು ದಾವಣಗೆರೆ ಕಡೆಯವರು, ಮಾತು ಕಡಿಮೆ. ಮೊದಲ ದಿನ ಒಂದೇ ಮಾತು ಹೇಳಿದರು.

"ಐಡಿ ಮಾತ್ರ ಬದಲಿ ಮಾಡಬ್ಯಾಡ್ರಿ. ಎಲ್ಲರ ಹತ್ರಾನೂ ಇದೇ ಐತಿ."

ಹಾಗಾಗಿ ನಾನು 'ಡಿಯರ್ ಸಾರ್' ಆದೆ. ಬಂದ ಪ್ರತಿ ಪತ್ರವೂ ಡಿಯರ್ ಸಾರ್. ಫೋನಿನಲ್ಲಿ ಮಾತಾಡುವಾಗ ಮಾತ್ರ ನಾನು ಮೇಡಂ. "ಸಾರ್‌ಗೆ ಮೇಲ್ ಹಾಕಿದೀನಿ, ನೋಡೋಕೆ ಹೇಳಿ ಮೇಡಂ" ಅನ್ನುತ್ತಿದ್ದರು. "ಹೇಳ್ತೀನಿ ಸಾರ್" ಅನ್ನುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಈ ಏರ್ಪಾಡಿನಿಂದ ನನಗೆ ಲಾಭವೂ ಇತ್ತು. ಉತ್ತರ ಗೊತ್ತಿಲ್ಲದಾಗ ಸಾರ್ ಮೀಟಿಂಗಿನಲ್ಲಿರುತ್ತಿದ್ದರು. ಮಾಲು ತಡವಾದಾಗ ಸಾರ್ ಊರಿಗೆ ಹೋಗಿರುತ್ತಿದ್ದರು. ಸಾರ್ ಖಾರವಾಗಿ ಬರೆದರೆ ಎದುರು ಮಾತಾಡುವವರಿರಲಿಲ್ಲ. ಅದೇ ಮಾತನ್ನು ಮೇಡಂ ಫೋನಿನಲ್ಲಿ ಹೇಳಿದರೆ "ಸಾರ್ ಹತ್ರ ಕನ್ಫರ್ಮ್ ಮಾಡ್ಕೊಳ್ಳಿ" ಅನ್ನುತ್ತಿದ್ದರು. ನಾನು ಫೋನ್ ಇಟ್ಟು, ಸಾರ್ ಆಗಿ ಕನ್ಫರ್ಮ್ ಮಾಡಿ ಮೇಲ್ ಕಳಿಸುತ್ತಿದ್ದೆ. ಒಳಗೊಳಗೇ ನಗುತ್ತಿದ್ದೆ, ಒಳಗೊಳಗೇ ಹೊಟ್ಟೆಯೂ ಉರಿಯುತ್ತಿತ್ತು.

ಹೋದ ವರ್ಷ ಮಾಲೀಕರ ಮಗಳು ಓದು ಮುಗಿಸಿ ಕಾರ್ಖಾನೆಗೆ ಬರತೊಡಗಿದಳು. ಅವಳು ಸ್ಕೂಲ್ ಬ್ಯಾಗ್ ಹಾಕಿಕೊಂಡು ನನ್ನ ಮೇಜಿನ ಪಕ್ಕ ಹೋಂವರ್ಕ್ ಮಾಡುತ್ತಿದ್ದ ಕಾಲದಿಂದ ನೋಡಿದ್ದೇನೆ. ನನ್ನನ್ನು ಅಕ್ಕ ಅನ್ನುತ್ತಾಳೆ. ನಾವು ಹೊಸದಾಗಿ ಸಿಲಿಕೋನ್ ಸೀಲು ಶುರು ಮಾಡಿದ್ದೆವು. ಅದನ್ನು ಹಳೆಯ ಗಿರಾಕಿಗಳಿಗೂ ಹೊಸಬರಿಗೂ ತಿಳಿಸುವಂತೆ ತಿಂಗಳಿಗೊಂದು ಚೆಂದದ ಮೇಲ್ ಕಳಿಸೋಣ ಎಂದಳು. ನಮ್ಮದೇ ಕಂಪನಿ ಹೆಸರಿನಲ್ಲಿ ಡೊಮೈನ್, ಅಂದರೆ ಇಂಟರ್‌ನೆಟ್ ವಿಳಾಸ ಕೊಂಡಳು, ಒಟ್ಟಿಗೇ ನೂರಾರು ಮೇಲ್ ಕಳಿಸುವ ಒಂದು ಸೇವೆಗೆ ಸೇರಿಸಿದಳು. ಪುಕ್ಕಟೆ ಐಡಿಯಿಂದ ಹಾಗೆ ಕಳಿಸಿದರೆ ಎಲ್ಲವೂ ಸ್ಪ್ಯಾಮಿಗೆ ಬೀಳುತ್ತವಂತೆ. ಅಂದರೆ ಸಾರ್ ಈ ಕೆಲಸಕ್ಕೆ ಬರುವ ಹಾಗಿರಲಿಲ್ಲ.

ಪರದೆಯ ಮೇಲೆ ಖಾಲಿ ಚೌಕವೊಂದು ಬಂತು: ಕಳಿಸುವವರ ಹೆಸರು, ಕಳಿಸುವವರ ವಿಳಾಸ.

"ನೋ-ರಿಪ್ಲೈ ಅಂತ ಹಾಕೋಣ ಅಕ್ಕ. ದೊಡ್ಡ ಕಂಪನಿಗಳೆಲ್ಲ ಹಾಗೇ ಮಾಡೋದು" ಎಂದಳು.

"ದೊಡ್ಡವರು ಮಾಡ್ಕೊಳ್ಲಿ. ನಮ್ಮ ಕಡೆ ಪರ್ಚೇಸ್‌ನೋರು ಯಾರಾದ್ರೂ ಹೊಸ ಮೇಲ್ ಬರೀತಾರೇನಮ್ಮ? ನಾವು ಕೊನೆಗೆ ಕಳಿಸಿದ್ದು ಯಾವುದೋ ಅದನ್ನ ಹುಡುಕಿ ರಿಪ್ಲೈ ಒತ್ತುತಾರೆ ಅಷ್ಟೆ. ಸಂಕ್ರಾಂತಿ ಶುಭಾಶಯಕ್ಕೆ ರಿಪ್ಲೈ ಮಾಡಿ ಡ್ರಾಯಿಂಗ್ ಕಳಿಸಿದೋರಿದಾರೆ. ನೋ-ರಿಪ್ಲೈ ಹಾಕಿದ್ರೆ ಅವೆಲ್ಲ ಎಲ್ಲಿಗೆ ಹೋಗ್ತವೆ?"

ಅವಳು ತಲೆದೂಗಿದಳು. ಹೇಳಿದ್ದು ಸರಿಯಿದ್ದರೆ ಒಪ್ಪಿಕೊಳ್ಳುವ ಗುಣ ಅವಳದು. ಹಾಗಾದರೆ 'ಇನ್ಫೋ' ಎಂದು ಹಾಕೋಣ, ಅದನ್ನು ನೀವೇ ತೆರೆದು ನೋಡಿ ಎಂದಳು. ಆ ಖಾಲಿ ಚೌಕ ನೋಡುತ್ತ ನನಗೆ ಏನಾಯಿತೋ ಗೊತ್ತಿಲ್ಲ.

"ನನ್ನ ಹೆಸರು ಹಾಕಿ" ಎಂದೆ.

ಅಲ್ಲೇ ಕೂತು ಪತ್ರಿಕೆ ಓದುತ್ತಿದ್ದ ಮಾಲೀಕರು ತಲೆ ಎತ್ತಿದರು. "ನಿಮ್ಮ ಹೆಸರು ಹಾಕಿ, ನಾಳೆ ನೀವು ಬಿಟ್ಟು ಹೋದ್ರೆ ಏನ್ ಮಾಡೋಣ್ರಿ?"

ಅವರು ಕೆಟ್ಟದಾಗಿ ಕೇಳಲಿಲ್ಲ. ಆದರೂ ನನಗೆ ಪಿತ್ತ ನೆತ್ತಿಗೇರಿತು. ಕತ್ತರಿ ಮೇಜಿನದ್ದೂ ಸೇರಿಸಿದರೆ ಅದೇ ಗೇಟಿನೊಳಗೆ ಹದಿನೇಳು ವರ್ಷ ಕಳೆದವಳಿಗೆ ಕೇಳುವ ಮಾತೇ ಅದು?

"ಬಿಟ್ಟು ಹೋದೋರ ಹೆಸರಲ್ಲೇ ಅಲ್ವಾ ಸಾರ್, ಹನ್ನೆರಡು ವರ್ಷದಿಂದ ನಡೀತಿರೋದು?"

ಮಾಲೀಕರು ಮತ್ತೆ ಪತ್ರಿಕೆಗೆ ಇಳಿದರು. ಮಗಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕೊನೆಗೆ ಒಂದು ಪರೀಕ್ಷೆ ಇಟ್ಟಳು. ಗಿರಾಕಿಗಳ ಪಟ್ಟಿಯನ್ನು ಎರಡು ಭಾಗ ಮಾಡುವುದು. ಒಂದು ಭಾಗಕ್ಕೆ ಇನ್ಫೋ ವಿಳಾಸದಿಂದ, ಇನ್ನೊಂದಕ್ಕೆ ನನ್ನ ಹೆಸರಿನ ಹೊಸ ವಿಳಾಸದಿಂದ ಅದೇ ಮೇಲ್. ಶುಕ್ರವಾರದ ಹೊತ್ತಿಗೆ ಯಾವುದನ್ನು ಹೆಚ್ಚು ಜನ ತೆರೆದಿರುತ್ತಾರೋ ಮುಂದೆ ಅದೇ ಖಾಯಂ. ನಾನು ಒಪ್ಪಿದೆ. ಗೆಲ್ಲುತ್ತೇನೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ನನ್ನ ಭಾಗದಲ್ಲಿದ್ದವರಲ್ಲಿ ಹೆಚ್ಚಿನವರು ನಾನು ವರ್ಷಗಟ್ಟಲೆ ಸಾಕಿದ ಗಿರಾಕಿಗಳು. ಯಾರ ಲೈನಿಗೆ ಯಾವ ಸೀಲು, ಯಾರಿಗೆ ಸೋಮವಾರ ಮಾಲು ಬೇಕು, ಯಾರು ಚಲನ್ ಕಳೆದುಕೊಂಡು ಮತ್ತೆ ಕೇಳುತ್ತಾರೆ, ಎಲ್ಲ ನನಗೆ ಬಾಯಿಪಾಠ. ಅವರು ನನ್ನ ಮೇಲ್ ತೆರೆಯದೆ ಇನ್ಯಾರದು ತೆರೆಯುತ್ತಾರೆ?

ಶುಕ್ರವಾರ ಅವಳು ಲೆಕ್ಕ ತೋರಿಸಿದಳು. ನನ್ನ ಹೆಸರಿನ ಮೇಲ್ ತೆರೆದವರು ಇನ್ಫೋದವರ ಅರ್ಧದಷ್ಟೂ ಇರಲಿಲ್ಲ. ಉತ್ತರ ಒಂದೂ ಬಂದಿರಲಿಲ್ಲ.

"ಬೇಜಾರ್ ಮಾಡ್ಕೋಬೇಡಿ ಅಕ್ಕ" ಎಂದಳು. ಅವಳಿಗೆ ನಿಜಕ್ಕೂ ಬೇಜಾರಾಗಿತ್ತು. ನನಗೆ ಆದದ್ದು ಅವಮಾನ. ಕಾಫಿ ಬಂದರೂ ಕುಡಿಯಲಿಲ್ಲ. ಸುಮ್ಮನೆ ಹಳೆಯ ಐಡಿ ತೆರೆದೆ, ಅಲ್ಲಾದರೂ ಕೆಲಸವಿರುತ್ತದಲ್ಲ ಎಂದು.

ಅಲ್ಲಿ ಮೇಲುಗಡೆಯೇ ಜಿಗಣಿಯ ಪಂಪ್ ಕಂಪನಿಯ ಪರ್ಚೇಸ್‌ನವರ ಪತ್ರವಿತ್ತು. ನಾನು ಆ ಕುರ್ಚಿಗೆ ಬಂದ ಮೊದಲ ವಾರದಿಂದಲೂ ಅವರೊಂದಿಗೆ ಪತ್ರ ವ್ಯವಹಾರ. "ಡಿಯರ್ ಸಾರ್, ನಿಮ್ಮ ಕಂಪನಿ ಹೆಸರಿನಲ್ಲಿ ಯಾರೋ ಒಬ್ಬ ಹೆಂಗಸು ಮೇಲ್ ಕಳಿಸುತ್ತಿದ್ದಾಳೆ. ದಯವಿಟ್ಟು ಹುಷಾರಾಗಿರಿ. ನಾನು ಅದನ್ನು ಸ್ಪ್ಯಾಮಿಗೆ ಹಾಕಿ ನಮ್ಮ ಎಲ್ಲ ವಿಭಾಗಗಳಿಗೂ ತಿಳಿಸಿದ್ದೇನೆ."

ನನ್ನ ಬಗ್ಗೆ ನನಗೇ ಎಚ್ಚರಿಕೆ ಬಂದಿತ್ತು. ಮೂರು ಸಲ ಓದಿದೆ. ಅವರನ್ನು ಬೈಯುವ ಹಾಗೂ ಇರಲಿಲ್ಲ. ಗೊತ್ತಿರುವ ಕಂಪನಿಯ ಹೆಸರು ಹಾಕಿಕೊಂಡು ಹೊಸ ವಿಳಾಸದಿಂದ ಮೇಲ್ ಬರೆದು ಮೋಸ ಮಾಡುವವರು ಈಗ ಬೇಕಾದಷ್ಟಿದ್ದಾರೆ. ಜಿಗಣಿಯವರು ಸಾರ್ ಮೇಲಿನ ವಿಶ್ವಾಸದಿಂದ ಬರೆದಿದ್ದರು. ಆ ವಿಶ್ವಾಸವನ್ನು ಸಂಪಾದಿಸಿದ್ದು ನಾನು, ಅದು ಹೋಗಿ ಸೇರಿದ್ದು ಇನ್ಯಾರದೋ ಹೆಸರಿಗೆ.

ಸುಲಭದ ದಾರಿ ಕೈಯಲ್ಲೇ ಇತ್ತು. ಸಾರ್ ಆಗಿಯೇ ಉತ್ತರ ಬರೆಯತೊಡಗಿದೆ: "ತಿಳಿಸಿದ್ದಕ್ಕೆ ಧನ್ಯವಾದ. ಆಕೆ ನಮ್ಮ ಹೊಸ ಸಿಬ್ಬಂದಿ." ಆ 'ಹೊಸ' ಎಂಬ ಪದ ನೋಡಿದ ಮೇಲೆ ತಡೆಯಲಾಗಲಿಲ್ಲ. ಪೂರ್ತಿ ಅಳಿಸಿ, ಇದ್ದದ್ದು ಇದ್ದ ಹಾಗೆ ಬರೆದೆ. ಆ ಹೆಂಗಸು ನಾನೇ. ನೀವು ಸಾರ್ ಎಂದುಕೊಂಡಿರುವವರು ಹೋಗಿ ಹನ್ನೆರಡು ವರ್ಷವಾಯಿತು. ಅಂದಿನಿಂದ ನಿಮಗೆ ಬಂದ ಪ್ರತಿ ಪತ್ರವೂ ನನ್ನದು. ಕೆಳಗೆ ನನ್ನ ಹೆಸರು ಹಾಕಿ, ಯಾರನ್ನೂ ಕೇಳದೆ ಕಳಿಸಿಬಿಟ್ಟೆ.

ಹತ್ತು ನಿಮಿಷಕ್ಕೆ ಜಿಗಣಿಯಿಂದ ಅವರದೇ ಫೋನ್ ಬಂತು. "ಮೇಡಂ, ಸಾರ್ ಇದಾರಾ? ಅವರ ಐಡಿ ಯಾರೋ ಹ್ಯಾಕ್ ಮಾಡ್ಬಿಟ್ಟಿದಾರೆ ಅನ್ಸುತ್ತೆ."

"ಹ್ಯಾಕ್ ಏನೂ ಆಗಿಲ್ಲ ಸಾರ್. ಬರೆದಿದ್ದು ನಾನೇ."

"ನೀವು ಫೋನ್ ಎತ್ತೋ ಮೇಡಂ ಅಲ್ವಾ?"

"ಫೋನ್ ಎತ್ತೋದೂ ನಾನೇ, ಮೇಲ್ ಬರೆಯೋದೂ ನಾನೇ. ಸಾರ್ ಅಂತ ಇಲ್ಲಿ ಯಾರೂ ಇಲ್ಲ."

ಅವರು ಬಿಗಿ ಮನುಷ್ಯ, ಡ್ರಾಯಿಂಗಿಗೆ ಸಹಿ ಬೀಳದೆ ಒಂದು ಸೀಲನ್ನೂ ಒಳಗೆ ಬಿಟ್ಟುಕೊಳ್ಳುವವರಲ್ಲ.

"ನಂಬೋದು ಹೆಂಗೆ ಮೇಡಂ? ಒಂದು ಕೇಳ್ತೀನಿ. ನಮ್ಮ ಬೋರ್‌ವೆಲ್ ಪಂಪಿನ ಸೀಲಿಗೆ ಕಳಿಸಿದ್ವಲ್ಲ, ಆ ಡ್ರಾಯಿಂಗಲ್ಲಿ ಏನ್ ತಪ್ಪಿತ್ತು?"

"ಸೀಲಲ್ಲಿ ನೀರು ತಡೆಯೋ ತುಟೀನೇ ಉಲ್ಟಾ ಬರೆದಿದ್ರಿ. ನಾನು ಹೇಳೋವರೆಗೂ ನಿಮ್ಮಲ್ಲಿ ಯಾರೂ ನೋಡಿರ್ಲಿಲ್ಲ."

ಅವರು ನಕ್ಕರು. ಸಮಾಧಾನವಾದ ಹಾಗಿತ್ತು. ಆದರೂ ಇನ್ನೊಂದು ಕೇಳಿದರು. "ಒಂದ್ಸಲ ಹದಿಮೂರು ದಿನ ನಿಮ್ಮಿಂದ ಉತ್ತರಾನೇ ಬರ್ಲಿಲ್ಲ. ಫೋನ್ ಮಾಡಿದ್ರೆ ಲೀವ್ ಅಂದ್ರು. ನಮ್ಮ ಲೈನ್ ನಿಂತೋಗಿತ್ತು. ಎಲ್ಲಿಗ್ ಹೋಗಿದ್ರಿ ಆವಾಗ?"

"ನಮ್ಮ ಅಮ್ಮ ತೀರ್ಕೊಂಡಿದ್ರು ಸಾರ್."

"ನಾನು ಆವಾಗ ಏನೋ ಬರೆದಿದ್ದೆ ಅನ್ಸುತ್ತೆ" ಎಂದರು.

"ಬರೆದಿದ್ರಿ."

ಟೂರ್ ಚೆನ್ನಾಗಿತ್ತಾ ಸಾರ್ ಎಂದು ಬರೆದಿದ್ದರು. ವೈಕುಂಠ ಸಮಾರಾಧನೆ ಮುಗಿಸಿ ಕೆಲಸಕ್ಕೆ ಬಂದ ದಿನ ನಾನು ಓದಿದ ಮೊದಲ ಪತ್ರ ಅದು. ಕ್ಷಮಿಸಿ, ರಜೆಯಲ್ಲಿದ್ದೆ ಎಂದಷ್ಟೇ ಉತ್ತರಿಸಿದ್ದೆ. ಆ ಗಂಡಸಿನ ಹೆಸರಿನಿಂದ ನನ್ನ ತಾಯಿ ಹೋದರು ಎಂದು ಹೇಗೆ ಬರೆಯಲಿ? ಅವರ ತಾಯಿ ಎಲ್ಲೋ ಚೆನ್ನಾಗಿಯೇ ಇದ್ದರೋ ಏನೋ. ಅವತ್ತು ನಾನು ಅತ್ತದ್ದು ಅಮ್ಮನಿಗಾಗಿಯೋ ಆ ಪತ್ರಕ್ಕಾಗಿಯೋ ಈಗಲೂ ಹೇಳಲಾರೆ.

ಫೋನ್ ಇಟ್ಟ ಮೇಲೆ ಮಾಲೀಕರ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಮಗಳೂ ಅಲ್ಲೇ ಇದ್ದಳು. ಪರೀಕ್ಷೆಯಲ್ಲಿ ಸೋತಿದ್ದೆ ನಿಜ, ಆದರೆ ಸೋತವಳ ಹಾಗೆ ಮಾತಾಡಲಿಲ್ಲ.

"ನನ್ನ ಮೇಲ್ ಯಾಕೆ ತೆರೀಲಿಲ್ಲ ಅಂದ್ರೆ, ನಾನು ಯಾರು ಅಂತ ಯಾರೂ ಅವರಿಗೆ ಹೇಳಿಲ್ಲ ಸಾರ್. ಹಳೇ ಐಡಿಯಿಂದ ಎಲ್ರಿಗೂ ಒಂದೇ ಒಂದು ಪತ್ರ ಹೋಗ್ಲಿ. ಇಷ್ಟು ವರ್ಷ ಬರೆದೋರು ಇವರು, ಇನ್ಮೇಲೆ ಈ ವಿಳಾಸದಿಂದ ಬರೀತಾರೆ ಅಂತ. ನಾನು ಬಿಟ್ಟು ಹೋಗೋ ದಿನ ಇಂಥದೇ ಇನ್ನೊಂದು ಬರೆದು, ಮುಂದೆ ಬರೋರ ಹೆಸರು ಹೇಳಿ ಹೋಗ್ತೀನಿ. ನಿಮ್ಮ ಚಿಂತೆಗೆ ಅದೇ ಉತ್ತರ."

"ತಪ್ಪು ನಂದು ಪಪ್ಪಾ. ಪರಿಚಯಾನೇ ಮಾಡಿಸದೆ ಪರೀಕ್ಷೆ ಇಟ್ಟೆ" ಎಂದಳು ಮಗಳು.

ಮಾಲೀಕರು ಕನ್ನಡಕ ತೆಗೆದು ಒರೆಸಿದರು. "ಆ ಪತ್ರ ನೀವು ಬರೀಬ್ಯಾಡ್ರಿ" ಎಂದರು. ನಾನು ಬಾಗಿಲ ಕಡೆ ತಿರುಗಿದೆ. "ನಾನು ಬರೀತೀನಿ. ಹಿಂಗ ಮಾಡಿಟ್ಟೋನು ನಾನೇ ಅಲ್ಲೇನ್ರಿ?"

ಅವರು ಎರಡು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆಯುವುದನ್ನು ಹೊರಗಿನಿಂದ ನೋಡುತ್ತಿದ್ದೆ. ಆರು ಸಾಲಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ನನ್ನ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟಿದ್ದರು, ಕಳಿಸುವ ಮುಂಚೆ ನಾನೇ ಸರಿ ಮಾಡಿದೆ.

ಸೋಮವಾರ ಬೆಳಿಗ್ಗೆ ನನ್ನ ಹೊಸ ವಿಳಾಸಕ್ಕೆ ಉತ್ತರಗಳು ಬಂದಿದ್ದವು. ಕೆಲವರು ಶುಭ ಕೋರಿದ್ದರು, ಒಬ್ಬರು ಹಾಗಾದರೆ ಮೀಟಿಂಗಿನಲ್ಲಿರುತ್ತಿದ್ದವರು ಯಾರು ಎಂದು ಕೇಳಿದ್ದರು. ಜಿಗಣಿಯದೂ ಇತ್ತು. 'ಡಿಯರ್ ಮೇಡಂ' ಎಂದು ಶುರುವಾಗಿತ್ತು. ಸಿಲಿಕೋನ್ ಸೀಲಿನ ಎರಡು ಸ್ಯಾಂಪಲ್ ಕಳಿಸಿ, ಜೊತೆಗೆ ಟೆಸ್ಟ್ ರಿಪೋರ್ಟ್ ಇರಲಿ ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಸಾಲು. ನಿಮ್ಮ ತಾಯಿಯವರು ತೀರಿಕೊಂಡ ವಿಷಯ ಕೇಳಿ ದುಃಖವಾಯಿತು, ಅವರ ಆತ್ಮಕ್ಕೆ ಶಾಂತಿ ಸಿಗಲಿ.

ಅಮ್ಮ ಹೋಗಿ ಆಗ ಏಳು ವರ್ಷವಾಗಿತ್ತು. ಸ್ಯಾಂಪಲ್ಲಿನ ವಿಷಯಕ್ಕೆ ಕೂಡಲೇ ಉತ್ತರ ಬರೆದೆ, ಬುಧವಾರ ತಲುಪುತ್ತದೆ ಎಂದು. ಕೊನೆಯ ಸಾಲಿಗೆ ಬರೆಯುವ ಮುಂಚೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಆಮೇಲೆ ಥ್ಯಾಂಕ್ಸ್ ಸಾರ್ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.